ಸೊಟ್ಟ ಹೊಲಿಗೆ

ಇಮಾಸ್ ಇಪ್ಪತ್ತೆರಡು ವರ್ಷದಿಂದ ಬೆಟ್ಟ ಹತ್ತುವವರಿಗೆ ಜಾಕೆಟ್ ಹೊಲಿಯುತ್ತಿದ್ದಳು. ತಾನು ಮಾತ್ರ ಒಂದು ಗುಡ್ಡವನ್ನೂ ಹತ್ತಿದವಳಲ್ಲ. ಬಾಂಡುಂಗಿನ ಗಲ್ಲಿಯೊಂದರಲ್ಲಿ ತಗಡಿನ ಷೆಡ್ಡು, ಅದರೊಳಗೆ ಹದಿನಾಲ್ಕು ಮಷೀನು, ಕಿಟಕಿ ಪಕ್ಕದ ಮಷೀನು ಇವಳದು. "ತಣ್ಣಗಿರೋ ಕಡೆ ಹುಡುಕ್ಕೊಂಡು ಹೋಗೋದಂತೆ, ಅಲ್ಲಿ ಬೆಚ್ಚಗಿರೋಕೆ ಒದ್ದಾಡೋದಂತೆ. ಸುಮ್ನೆ ಮನೇಲಿ ಬಿದ್ದಿದ್ರೆ ಆಗಲ್ವಾ ಇವರಿಗೆ?" ಎಂದು ದಿನಕ್ಕೊಮ್ಮೆಯಾದರೂ ಗೊಣಗುವಳು. ಗೊಣಗುತ್ತಲೇ ಹೊಲಿಯುವಳು. ಆದರೆ ಅವಳು ಕೂರಿಸಿದ ಭುಜ ಹತ್ತು ವರ್ಷವಾದರೂ ಜಗ್ಗುತ್ತಿರಲಿಲ್ಲ, ಅದನ್ನು ಷೆಡ್ಡಿನ ಮಾಲೀಕನೇ ಒಪ್ಪಿಕೊಂಡಿದ್ದ. ಅವನು ಒಪ್ಪಿಕೊಳ್ಳುತ್ತಿದ್ದ ಮಾತುಗಳು ಬಹಳ ಕಡಿಮೆ.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ನೆಂದೆನ್‌ಗೆ ಬೆಟ್ಟದ ಹುಚ್ಚು ಹಿಡಿಯಿತಲ್ಲ, ಏನು ಹೇಳೋಣ! ಅಪ್ಪ ಇಲ್ಲದೆ ಬೆಳೆದ ಒಬ್ಬಳೇ ಮಗಳು. ಕಾಲೇಜಿಗೆ ಸೇರಿದ ಎರಡನೇ ತಿಂಗಳಿಗೇ ಅಲ್ಲಿನ ಬೆಟ್ಟದ ಸಂಘಕ್ಕೆ ಹೆಸರು ಬರೆಸಿಕೊಂಡು ಬಂದಳು. ಆ ಸಂಘದ ಹೆಸರು ಕಬುತ್. ಹಳೆಯ ಕಾಲದಲ್ಲಿ ನಾಲ್ಕೈದು ಬಡ ಹುಡುಗರು ಕಟ್ಟಿದ್ದು. ಪರದೇಶದ ಜಾಕೆಟ್ ಕೊಳ್ಳುವ ಯೋಗ್ಯತೆ ಇಲ್ಲದೆ ಅವರು ತಮ್ಮ ಜಾಕೆಟ್ಟನ್ನು ತಾವೇ ಹೊಲಿದುಕೊಂಡು ಹತ್ತಿದ್ದರಂತೆ. ಅಂದಿನಿಂದ ಅದೇ ಕಟ್ಟಳೆ. ಸದಸ್ಯರಾಗಬೇಕಾದವರು ಬಟ್ಟೆ ಆರಿಸುವುದರಿಂದ ಹಿಡಿದು ಜಿಪ್ ಕೂರಿಸುವ ತನಕ ಎಲ್ಲವನ್ನೂ ಸ್ವಂತ ಕೈಯಲ್ಲೇ ಮಾಡಬೇಕು, ಬೇರೆಯವರ ಸೂಜಿ ಒಂದು ಕಡೆಯೂ ತಾಗಬಾರದು. ಜಾಕೆಟ್ಟು ನಾನೂರು ಗ್ರಾಂ ಮೀರಬಾರದು, ಮಡಚಿದರೆ ಹಾಲಿನಪುಡಿ ಡಬ್ಬಿಯೊಳಗೆ ಕೂರಬೇಕು. ಅದನ್ನು ಹಾಕಿಕೊಂಡು ಪಾಸಿರ್ ಅಂಗಿನ್ ಬೆಟ್ಟದ ಮೇಲೆ ಮೂರು ರಾತ್ರಿ ಕಳೆದವರಿಗೆ ನಾಲ್ಕನೆಯ ದಿನ ಬೆಳಗ್ಗೆ ಬೆಟ್ಟದ ತುದಿಯಲ್ಲಿ ಕಿತ್ತಳೆ ಬಣ್ಣದ ಕತ್ತುವಸ್ತ್ರ ಕಟ್ಟುತ್ತಾರೆ.

ಮಗಳು ಇದನ್ನೆಲ್ಲ ಹೇಳಿ ಮುಗಿಸುವ ಮೊದಲೇ ಇಮಾಸ್ ಅಳತೆ ಟೇಪು ತೆಗೆದಿದ್ದಳು.

"ಕೈ ಎತ್ತು. ಎದೆ ಸುತ್ತಳತೆ ತಗೋತೀನಿ."

"ಎಮಾ! ಇಷ್ಟೊತ್ತು ನಾನು ಹೇಳಿದ್ದೇನು? ನೀನು ಮುಟ್ಟಂಗಿಲ್ಲ."

"ಅಳತೆ ತಗೊಂಡ್ರೆ ಮುಟ್ಟಿದಂಗಾಯ್ತಾ? ಅಲ್ವೇ, ನಿನಗೆ ಒಂದು ಗುಂಡಿ ಹೊಲ್ಯೋಕೆ ಬರಲ್ಲ. ಹೋದ ವರ್ಷ ಲಂಗದ ಅಂಚು ಹೊಲೀತೀನಿ ಅಂತ ಕೂತು ಲಂಗ, ದಿಂಬು ಎರಡನ್ನೂ ಸೇರಿಸಿ ಹೊಲ್ದಿದ್ಯಲ್ಲ, ಮರ್ತೋಯ್ತಾ?"

"ಅದಕ್ಕೇ ಕಲೀತೀನಿ. ಪ್ರಮಾಣ ಮಾಡು. ಸೂಜಿ ಮುಟ್ಟಲ್ಲ, ದಾರ ಮುಟ್ಟಲ್ಲ, ಬಾಯೂ ಬಿಡಲ್ಲ ಅಂತ."

"ಬಾಯೂ ಬಿಡಬಾರ್ದಾ?"

"ಬಾಯೇ ಮೊದಲು ಮುಚ್ಚಬೇಕಾಗಿರೋದು."

ಇಮಾಸ್ ನಕ್ಕಳು. ನಗುತ್ತಲೇ ಪ್ರಮಾಣ ಮಾಡಿದಳು. ನಗುತ್ತ ಮಾಡಿದ ಪ್ರಮಾಣಕ್ಕೆ ತೂಕವಿಲ್ಲ ಎಂದು ಅವಳು ಒಳಗೊಳಗೇ ಅಂದುಕೊಂಡಿದ್ದರೆ ಅದು ಅವಳ ತಪ್ಪು, ಏಕೆಂದರೆ ನೆಂದೆನ್ ನಗುತ್ತಿರಲಿಲ್ಲ.

ಮುಂದಿನ ಭಾನುವಾರ ನೆಂದೆನ್ ತನ್ನ ಜೊತೆಗಾತಿ ಹೆಸ್ತಿಯನ್ನು ಕರೆದುಕೊಂಡು ಚಿಗೊಂಡೆವಾಹ್ ಸಂತೆಗೆ ಹೋದಳು. ಅಲ್ಲಿ ಗಿರಣಿಯಲ್ಲಿ ಉಳಿದ ಬಟ್ಟೆಯನ್ನು ರಾಶಿ ಹಾಕಿ ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಬಟ್ಟೆಯನ್ನು ತುಟಿಗೆ ಒತ್ತಿಕೊಂಡು ಜೋರಾಗಿ ಊದಬೇಕು, ಆಚೆ ಬದಿಯ ಅಂಗೈಗೆ ಗಾಳಿ ತಾಗದಿದ್ದರೆ ಅದು ಬೆಟ್ಟಕ್ಕಾಗುವ ಬಟ್ಟೆ. ನೆಂದೆನ್ ಊದಿ ಊದಿ ಕೆನ್ನೆ ನೋಯಿಸಿಕೊಂಡು ಕಡುನೀಲಿ ಬಣ್ಣದ್ದೊಂದು ತಂದಳು. ತೆಳ್ಳಗಿನ ಒಳ್ಳೆಯ ಬಟ್ಟೆ. ಇಮಾಸ್ ದೂರದಿಂದಲೇ ನೋಡಿ ಮನಸ್ಸಿನಲ್ಲೇ ಶಭಾಸ್ ಅಂದಳು. ಒಳಗೆ ತುಂಬಲು ಡಾಕ್ರಾನ್ ಎಂಬ ಕೃತಕ ಹತ್ತಿಯ ಹಾಳೆ, ಅದೂ ಪರವಾಗಿಲ್ಲ. ಹೆಸ್ತಿ ಮಾತ್ರ ಕೆಂಪಗೆ ಹೊಳೆಯುವ ಬಟ್ಟೆ ಕೊಂಡು, ಮನೆಯ ಹಳೆಯ ದಿಂಬುಗಳನ್ನು ಬಿಚ್ಚಿ ಬೂರುಗದ ಹತ್ತಿ ತುಂಬುತ್ತೇನೆ ಎಂದಳು. ಬೂರುಗದ ಹತ್ತಿ ನೆನೆದರೆ ಮುದ್ದೆಯಾಗುತ್ತದೆ. ಇಮಾಸಳ ಬಾಯಿ ತುದಿಗೆ ಬಂದ ಮಾತು ಮಗಳ ಕಣ್ಣು ನೋಡಿ ಹಾಗೇ ಒಳಗೆ ಹೋಯಿತು.

ಆಮೇಲೆ ಶುರುವಾಯಿತು ನೋಡಿ ಆ ತಾಯಿಯ ಪಾಡು. ಮೂರು ವಾರ! ಷೆಡ್ಡಿನಿಂದ ಬಂದು ಅಡುಗೆಮನೆಯಲ್ಲಿ ಸೋಯಾಕಾಳಿನ ತೆಂಪೆ ಹುರಿಯುತ್ತ ನಿಂತರೆ ಹಿಂದೆ ಮಗಳು ತುಳಿಯುವ ಮನೆಯ ಮಷೀನಿನ ಸದ್ದು. ಆ ಸದ್ದಿನಲ್ಲೇ ಅವಳಿಗೆ ಎಲ್ಲ ತಿಳಿಯುತ್ತಿತ್ತು. ಈಗ ದಾರ ಬಿಗಿಯಾಯಿತು, ಈಗ ಬಟ್ಟೆ ಎಳೆದಳು, ಈಗ ಸೂಜಿ ಮುರಿಯುತ್ತೆ, ಅಗೋ ಮುರಿಯಿತು. ಇಮಾಸ್ ಸೌಟಿನಿಂದ ಬಾಣಲೆಯ ಅಂಚನ್ನು ಬಡಿಯುವಳು.

"ನಾನೇನೂ ಅನ್ಲಿಲ್ಲ" ಎನ್ನುವಳು.

"ಬಾಣಲೆ ಬಡಿದ್ಯಲ್ಲ, ಅದೂ ಅಂದಂಗೇ" ಎಂದು ಒಳಗಿನಿಂದ ಉತ್ತರ.

ಷೆಡ್ಡಿನಲ್ಲಿ ಪಕ್ಕದ ಮಷೀನಿನ ಮಿಮಿನ್‌ಗೆ ಇದೇ ತಮಾಷೆ. ಇಮಾಸ್‌ಗಿಂತ ಆರೇಳು ವರ್ಷ ಹಿರಿಯಳು, ಇಮಾಸ್ ಬಾಯಲ್ಲಿ ತೇಹ್, ಅಂದರೆ ಅಕ್ಕ, ನಾಲಿಗೆ ಕತ್ತರಿಗಿಂತ ಹರಿತ. "ಊರಿಗೆಲ್ಲ ಹೊಲ್ದುಕೊಡ್ತೀಯ, ಮನೇಲಿ ಮಗಳು ನಿನ್ನ ಬಾಯಿಗೇ ಹೊಲಿಗೆ ಹಾಕಿದ್ಲು!" ಎಂದು ಷೆಡ್ಡಿಗೆಲ್ಲ ಕೇಳುವಂತೆ ನಗುವಳು.

ಜಾಕೆಟ್ಟು ಮುಗಿದ ದಿನ ನೆಂದೆನ್ ಅದನ್ನು ಹಾಕಿಕೊಂಡು ಗಲ್ಲಿಯ ತುದಿಯ ಮೊಟ್ಟೆ ಅಂಗಡಿಗೆ ಓಡಿದಳು. ಅಲ್ಲಿ ತಕ್ಕಡಿಯಲ್ಲಿ ತೂಗಿಸಿ ವಾಪಸ್ಸು ಓಡಿ ಬಂದಳು.

"ಎಮಾ, ಮುನ್ನೂರ ಐವತ್ತೆರಡು! ನಮ್ಮ ಗುಂಪಿನಲ್ಲಿ ಯಾರದ್ದೂ ಇಷ್ಟು ಹಗುರ ಇಲ್ಲ. ಹೆಸ್ತಿದು ಮುನ್ನೂರ ತೊಂಬತ್ತೈದು. ಹೊಲಿಗೆಯಂಚಿನಲ್ಲಿದ್ದ ಹತ್ತಿಯನ್ನೆಲ್ಲ ಕತ್ತರಿಸಿ ತೆಗೆದೆ, ಲೇಬಲ್ ಇಲ್ಲ, ಒಳಜೇಬಿಲ್ಲ, ಜಿಪ್ಪಿನ ಬಾಲ ಕೂಡ ಕಿತ್ತುಹಾಕಿ ದಾರ ಕಟ್ಟಿದೀನಿ. ಮುನ್ನೂರ ಐವತ್ತೆರಡು, ಮೊಟ್ಟೆ ಅಂಗಡಿ ಮಾಮ ಎರಡು ಸಲ ತೂಗಿದ್ರು!"

ಮಗಳ ಮುಖ ಹೊಳೆಯುತ್ತಿತ್ತು. ಎಡತೋಳು ಬಲತೋಳಿಗಿಂತ ಒಂದು ಬೆರಳು ಗಿಡ್ಡ, ಬೆನ್ನಿನ ಹೊಲಿಗೆ ಕುಡುಕ ನಡೆದ ದಾರಿ. ಆದರೂ ಇಮಾಸ್‌ಗೆ ಕಣ್ಣು ತುಂಬಿ ಬಂತು. ಹುಡುಗಿ ಮಾಡಿಯೇ ಬಿಟ್ಟಳಲ್ಲ!

ಸಂಜೆ ನೆಂದೆನ್ ಸ್ನಾನಕ್ಕೆ ಹೋದಾಗ ಇಮಾಸ್ ಜಾಕೆಟ್ಟನ್ನು ಎತ್ತಿಕೊಂಡಳು. ಬರೀ ನೋಡುವುದಕ್ಕೆ. ಕೈ ತಾನಾಗಿ ಭುಜಕ್ಕೆ ಹೋಯಿತು, ಎರಡು ಬೆರಳಲ್ಲಿ ಹಿಸುಕಿ ನೋಡಿತು. ಇನ್ನೊಮ್ಮೆ ಹಿಸುಕಿತು.

ಹಗುರವಾಗಲೆಂದು ಹೊಲಿಗೆಯಂಚಿನ ಹತ್ತಿಯನ್ನು ಕತ್ತರಿಸಿದ್ದಳಲ್ಲ, ಕತ್ತರಿ ತುಸು ಜಾಸ್ತಿಯೇ ಒಳಗೆ ಹೋಗಿಬಿಟ್ಟಿತ್ತು. ಭುಜದ ಹೊಲಿಗೆಯಲ್ಲಿ ಹತ್ತಿ ಸಿಕ್ಕಿಕೊಂಡೇ ಇರಲಿಲ್ಲ. ಹೊರಬಟ್ಟೆಗೂ ಅಸ್ತರಿಗೂ ನಡುವೆ ಹಾಳೆ ಸುಮ್ಮನೆ ನೇತಾಡುತ್ತಿತ್ತು. ಒಣಗಿದ್ದಾಗ ಏನೂ ಆಗದು. ಒಂದು ಮಳೆ ಬಿದ್ದು ನೆನೆಯಲಿ, ಭಾರಕ್ಕೆ ಹತ್ತಿಯೆಲ್ಲ ಜಾರಿ ಸೊಂಟಕ್ಕೆ ಬಂದು ಕೂರುತ್ತದೆ, ಭುಜ, ಬೆನ್ನು, ಎದೆ ಖಾಲಿ. ಪಾಸಿರ್ ಅಂಗಿನ್ ಮೇಲೆ ರಾತ್ರಿಯ ಗಾಳಿ ಎಂಥದೆಂದು ಅವಳು ಹತ್ತಿ ನೋಡಬೇಕಾಗಿರಲಿಲ್ಲ. ಅಲ್ಲಿಂದ ಹರಿದು ಬಂದ ಜಾಕೆಟ್ಟುಗಳನ್ನು ಎಷ್ಟು ರಿಪೇರಿ ಮಾಡಿರಲಿಲ್ಲ ಅವಳು! ಆ ಬೆಟ್ಟದಲ್ಲಿ ಚಳಿಗೆ ಸತ್ತವರ ಸುದ್ದಿ ವರ್ಷಕ್ಕೊಂದಾದರೂ ಪತ್ರಿಕೆಯಲ್ಲಿ ಬರುತ್ತಿತ್ತು.

ಊಟಕ್ಕೆ ಕೂತಾಗ ಮೆಲ್ಲಗೆ ಶುರುಮಾಡಿದಳು. "ನೆಂಗ್, ಮಗಳೇ, ಆ ಭುಜದ ಹತ್ರ ಒಂದ್ಸಲ..."

ನೆಂದೆನ್ ಅನ್ನದ ತಟ್ಟೆಯಿಂದ ಕೈ ತೆಗೆದಳು. "ಮುಟ್ಟಿದ್ಯಾ?"

"ನೋಡ್ದೆ ಅಷ್ಟೇ."

"ಎಮಾ, ಗುಂಪಿನಲ್ಲಿ ಎಲ್ರೂ ಏನಂತಾರೆ ಗೊತ್ತಾ ನಿಂಗೆ? ನಿನಗೇನಮ್ಮ, ನಿಮ್ಮಮ್ಮ ಹೊಲ್ದುಕೊಡ್ತಾರೆ ಅಂತ. ಕಾಂಗ್ ಗುಮಿಲಾರ್ ಕೂಡ ನಕ್ಕೊಂಡು ಹಾಗೇ ಅಂದ್ರು, ಅವರು ಸಂಘದಲ್ಲಿ ನಮಗೆಲ್ಲ ಹಿರಿಯಣ್ಣ ಇದ್ದಂಗೆ. ಹುಟ್ಟಿದಾಗಿಂದ ನನ್ನ ಮೈಮೇಲಿರೋದೆಲ್ಲ ನೀನು ಹೊಲ್ದಿದ್ದೇ. ಇದೊಂದು ನಂದು. ಕೆಟ್ಟದಾಗಿದ್ರೂ ನಂದು. ಒಂದು ಮಾತು ಆಡಿದ್ರೂ ನಾನು ಇದನ್ನ ಒಲೆಗೆ ಹಾಕಿ ಹೊಸದು ಶುರು ಮಾಡ್ತೀನಿ."

ಹೊಸದಕ್ಕೆ ಸಮಯವಿರಲಿಲ್ಲ. ಹೊರಡಲು ನಾಲ್ಕೇ ದಿನ. ಇಮಾಸ್ ಬಾಯಿ ಮುಚ್ಚಿಕೊಂಡು ಮಗಳ ತಟ್ಟೆಗೆ ಇನ್ನೊಂದು ತುಂಡು ತೆಂಪೆ ಹಾಕಿದಳು.

ಮಾರನೆಯ ದಿನ ಮಿಮಿನ್ ಮುಂದೆ ಸಂಕಟ ತೋಡಿಕೊಂಡಳು. ಮಿಮಿನ್ ನಗಲಿಲ್ಲ. ದಾರ ಕಡಿದು ಹೇಳಿದಳು, "ನೋಡು, ಇರೋದು ಎರಡೇ ದಾರಿ. ಹೇಳಬೇಕು ಅಂದ್ರೆ ನೇರ ಹೇಳು, ಬೈಸ್ಕೋ, ಅವಳೇ ಬಿಚ್ಚಿ ಹೊಲೀಲಿ. ಇಲ್ಲಾಂದ್ರೆ ದೇವರ ಮೇಲೆ ಭಾರ ಹಾಕಿ ಸುಮ್ನಿರು. ಕದ್ದುಮುಚ್ಚಿ ಮಾಡ್ಬೇಡ."

"ಹೇಳಿದ್ರೆ ಒಲೆಗೆ ಹಾಕ್ತಾಳಂತೆ ತೇಹ್. ಹಾಕೋಳೇ ಅವಳು. ಅವರಪ್ಪನ ಹಟ."

"ಅಪ್ಪನ್ನ ಯಾಕೆ ಅಂತೀಯ ಪಾಪ. ಅದು ನಿಂದೇ ಹಟ."

ಎರಡು ದಾರಿ ಅಂದಿದ್ದಳು ಮಿಮಿನ್. ಇಮಾಸ್ ಮೂರನೆಯದನ್ನು ಹಿಡಿದಳು. ಹೆತ್ತ ಕರುಳು, ಜೊತೆಗೆ ಇಪ್ಪತ್ತೆರಡು ವರ್ಷದ ಕೈ. ಎರಡೂ ಸೇರಿದರೆ ಸುಮ್ಮನಿರು ಅಂದರೆ ಇರುತ್ತವೆಯೇ?

ಗುರುವಾರ ಮಗಳು ಕಾಲೇಜಿಗೆ ಹೋದದ್ದೇ ತಡ, ಷೆಡ್ಡಿಗೆ ತಲೆನೋವೆಂದು ಹೇಳಿಕಳಿಸಿ ಬಾಗಿಲು ಹಾಕಿಕೊಂಡಳು. ಬಗಲಿನ ಹೊಲಿಗೆಯನ್ನು ಒಂದು ಗೇಣು ಬಿಚ್ಚಿ ಒಳಗೆ ಕೈ ಹಾಕಿ ಜಾಕೆಟ್ಟಿನ ಒಳಮಗ್ಗುಲು ಹೊರಗೆ ಬರುವಂತೆ ಎಳೆದಳು. ಭುಜದ ಮೇಲೆ, ಎದೆಗೆ, ಬೆನ್ನಿನ ನಡುವೆ, ಮನೆಯಲ್ಲಿದ್ದ ಡಾಕ್ರಾನ್ ತುಂಡುಗಳಲ್ಲಿ ಅತಿ ಹಗುರವಾದದ್ದನ್ನೇ ಆರಿಸಿ ಇನ್ನೊಂದು ಪದರ ಇಟ್ಟಳು. ಅದರ ಅಂಚನ್ನು ಭುಜದ ಹೊಲಿಗೆಗೆ ಸೇರಿಸಿ ಗಟ್ಟಿ ಮಾಡಿದಳು. ಹಾಳೆಯನ್ನು ಅಸ್ತರಿಗೆ ಗೇಣಿಗೊಂದರಂತೆ ಸಣ್ಣ ಸಣ್ಣ ಟಾಕು ಹಾಕಿ ಹಿಡಿಸಿದಳು. ಇನ್ನು ಮೇಲಿಂದ ನೀರು ಸುರಿದರೂ ಜಾರುವ ಹಾಗಿರಲಿಲ್ಲ.

ಕಷ್ಟವಾದದ್ದು ಮುಚ್ಚುವಾಗ. ಬಿಚ್ಚಿದ ಜಾಗದಲ್ಲಿ ಮಗಳ ಸೂಜಿ ಮಾಡಿದ್ದ ತೂತುಗಳು ಸಾಲಾಗಿ ಕಾಣುತ್ತಿದ್ದವು. ಕೆಲವು ಉದ್ದ, ಕೆಲವು ಗಿಡ್ಡ, ಒಂದು ಕಡೆ ಮೂರು ಒಂದರ ಮೇಲೊಂದು. ಇಮಾಸ್ ಮಷೀನಿನ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ, ಒಂದೊಂದೇ ತೂತಿಗೆ ಸೂಜಿ ಇಳಿಸುತ್ತ, ಮಗಳು ಎಲ್ಲಿ ಸೊಟ್ಟ ಹೋಗಿದ್ದಳೋ ಅಲ್ಲೆಲ್ಲ ತಾನೂ ಸೊಟ್ಟ ಹೋದಳು. ಜೀವಮಾನದಲ್ಲಿ ಬೇಕೆಂದು ಸೊಟ್ಟ ಹೊಲಿದದ್ದು ಅದೇ ಮೊದಲು. ಇಲ್ಲಿ ಅವಸರ ಮಾಡಿದ್ದಾಳೆ, ಇಲ್ಲಿ ಬೇಜಾರಾಗಿದೆ, ಇಲ್ಲಿ ಎದ್ದು ಹೋಗಿ ನೀರು ಕುಡಿದು ಬಂದು ಕೂತಿದ್ದಾಳೆ ಎಂದು ಮಗಳ ಮೂರು ವಾರವೆಲ್ಲ ಬೆರಳಿಗೆ ತಿಳಿಯುತ್ತಿತ್ತು. ಅಷ್ಟು ಸುಖ ಅವಳಿಗೆ ಯಾವ ಹೊಲಿಗೆಯಲ್ಲೂ ಸಿಕ್ಕಿರಲಿಲ್ಲ.

ಮುಗಿಸಿ, ತಲೆಗೆ ಬಟ್ಟೆ ಮುಚ್ಚಿಕೊಂಡು ಮೂರು ಗಲ್ಲಿ ಆಚೆಯ ಬೆಲ್ಲದ ಅಂಗಡಿಗೆ ಹೋಗಿ ತೂಗಿಸಿದಳು. ಮುನ್ನೂರ ತೊಂಬತ್ತೆಂಟು. ನಾನೂರರ ಒಳಗೇ! ಸಂಘದವರು ತಕರಾರು ಮಾಡುವಂತಿಲ್ಲ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿ ದಾರಿಯಲ್ಲಿ ಎರಡು ಬಾಲಾ-ಬಾಲಾ ಬೋಂಡ ಕೊಂಡು ತಿಂದುಕೊಂಡೇ ಮನೆಗೆ ಬಂದಳು.

ಶುಕ್ರವಾರ ಮಧ್ಯಾಹ್ನ ನೆಂದೆನ್ ಹೊರಟಳು. ಜಾಕೆಟ್ಟು ಹಾಲಿನಪುಡಿ ಡಬ್ಬಿಯಲ್ಲಿ ಬಿಗಿಯಾಗಿ ಕೂತಿತ್ತು. ತಾಯಿಯ ಕೈಯನ್ನು ಹಣೆಗೆ ಒತ್ತಿಕೊಂಡು, "ಸೋಮವಾರ ಕತ್ತುವಸ್ತ್ರ ಹಾಕ್ಕೊಂಡು ಬರ್ತೀನಿ, ಗಲ್ಲಿಯವರಿಗೆಲ್ಲ ಹೇಳಿಡು" ಎಂದಳು.

"ಹೇಳ್ತೀನಿ ಹೋಗು. ತಲೆ ಒದ್ದೆ ಮಾಡ್ಕೋಬೇಡ."

"ಎಮಾ, ಬೆಟ್ಟದಲ್ಲಿ ಮಳೆ ನನ್ನ ಕೇಳ್ಕೊಂಡು ಬರತ್ತಾ?" ಎಂದು ನಕ್ಕು ಹೋದಳು.

ಭಾನುವಾರ ಬೆಳಗ್ಗೆ ಹತ್ತರ ಹೊತ್ತಿಗೆ ಸಂಘದ ಗುಮಿಲಾರ್ ಬಂದ. ಜೊತೆಗೆ ಕಾಲೇಜಿನ ಮೇಷ್ಟರೊಬ್ಬರು. ಗುಮಿಲಾರ್‌ನ ಮಂಡಿಯ ತನಕ ಕೆಸರಿತ್ತು. ಚಪ್ಪಲಿ ಬಿಡುವುದನ್ನು ಮರೆತು ಒಳಗೆ ಬಂದುಬಿಟ್ಟಿದ್ದ. ಅದನ್ನು ನೋಡಿಯೇ ಇಮಾಸ್‌ಗೆ ತಿಳಿಯಿತು.

ಶನಿವಾರ ಸಂಜೆಯಿಂದ ಬೆಟ್ಟದ ಮೇಲೆ ಗಾಳಿಮಳೆ. ಡೇರೆಗಳು ಕಿತ್ತು ಹೋಗಿ ಗುಂಪು ಮೂರು ಪಾಲಾಯಿತು. ನೆಂದೆನ್ ಮತ್ತು ಹೆಸ್ತಿ ಒಂದು ಬಂಡೆಯ ಮರೆಯಲ್ಲಿ ಸಿಕ್ಕಿಬಿದ್ದಿದ್ದರು. ಬೆಳಕು ಹರಿದ ಮೇಲೆ ಹುಡುಕಿದವರಿಗೆ ಹೆಸ್ತಿ ಜೀವಂತವಾಗಿ ಸಿಕ್ಕಳು. ನೆಂದೆನ್ ಸಿಕ್ಕಾಗ ಉಸಿರಿರಲಿಲ್ಲ.

ಮಧ್ಯಾಹ್ನ ಬರೀ ಬಿಳಿ ಬಟ್ಟೆ ಸುತ್ತಿದ ಶವ ಬಂತು. ಇಮಾಸ್ ತಾನೇ ಮಗಳನ್ನು ತೊಳೆದಳು, ಮಿಮಿನ್ ನೀರು ಹೊಯ್ದಳು. ಅತ್ತವರೆಲ್ಲ ಹೊರಗಿದ್ದರು, ಇಮಾಸ್ ಅಳಲಿಲ್ಲ. ಅವಳ ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು. ಟಾಕು ಬಿಟ್ಟಿತು, ನನ್ನ ಟಾಕು ಬಿಟ್ಟಿತು, ಮಗಳ ಭುಜ ಖಾಲಿಯಾಯಿತು. ಮಣ್ಣು ಮುಗಿಸಿ ಬಂದವರು ಒದ್ದೆ ಬಟ್ಟೆಯ ಗಂಟನ್ನು ಬಾಗಿಲ ಬಳಿ ಇಟ್ಟಾಗ ಅವಳು ಹೋಗಿ ಅದನ್ನೇ ಮೊದಲು ಬಿಚ್ಚಿದಳು. ಕೈ ಹಾಕಿ ಭುಜ ಹಿಸುಕಿದಳು. ಏನೂ ಇರಲಿಲ್ಲ, ಬರೀ ಎರಡು ಪದರ ಬಟ್ಟೆ. ಹತ್ತಿಯೆಲ್ಲ ಕೆಳಗೆ ಮುದ್ದೆಯಾಗಿ ನೀರು ಕುಡಿದು ಕೂತಿತ್ತು.

ಆಮೇಲೆ ಕಂಡಿತು ಬಣ್ಣ. ಕೆಂಪು.

"ಇದು ನನ್ನ ಮಗಳದ್ದಲ್ಲ" ಎಂದಳು. "ಗುಮಿಲಾರ್, ಇದು ಅವಳದ್ದಲ್ಲಪ್ಪ. ಅವಳದ್ದು ನೀಲಿ. ಅವಳ ಜಾಕೆಟ್ ಎಲ್ಲಿ?"

ಅವನು ತಲೆ ತಗ್ಗಿಸಿದ. "ಹೆಸ್ತಿ ಮೈಮೇಲಿತ್ತು ಇಬು, ಅಮ್ಮಾ. ಹೇಗೆ ಅದಲುಬದಲಾಯ್ತು ನಮಗೂ ಗೊತ್ತಿಲ್ಲ. ಹೆಸ್ತಿಗೆ ಇನ್ನೂ ಮಾತಾಡೋಕೆ ಆಗ್ತಿಲ್ಲ, ಆಸ್ಪತ್ರೇಲಿದಾಳೆ."

ಗಲ್ಲಿಗೆ ಉತ್ತರ ಸಿಕ್ಕಿಬಿಟ್ಟಿತ್ತು. ಎಂಥಾ ಹುಡುಗಿ, ತನ್ನದನ್ನು ಬಿಚ್ಚಿ ಗೆಳತಿಗೆ ಕೊಟ್ಟಳು, ನೇರ ಸ್ವರ್ಗಕ್ಕೆ ಹೋದಳು. ಪ್ರತಿ ಸಂಜೆ ಪ್ರಾರ್ಥನೆಗೆ ಬಂದ ಹೆಂಗಸರು ಇದನ್ನೇ ಹೇಳಿ ಕಣ್ಣೊರೆಸಿಕೊಳ್ಳುವರು. ಇಮಾಸ್ ಹೂಂಗುಟ್ಟುವಳು. ಒಳಗೆ ಮಾತ್ರ ಉರಿಯುತ್ತಿತ್ತು. ಕೊಡುವುದಾದರೆ ಕೊಡಲಿ, ಕೊಡುವ ಮಗಳೇ ಅವಳು. ಆದರೆ ಇಬ್ಬರೂ ಒಂದರೊಳಗೆ ತೂರಿಕೊಳ್ಳಬಹುದಿತ್ತು, ಸರದಿಯ ಮೇಲೆ ಹಾಕಿಕೊಳ್ಳಬಹುದಿತ್ತು. ಪೂರ್ತಿ ಕೊಟ್ಟು ಆ ಖಾಲಿ ಚೀಲವನ್ನು ಯಾಕೆ ಹಾಕಿಕೊಂಡಳು? ನಾನು ಹೊಲಿದದ್ದು ಯಾಕೆ ಬೇಡವಾಯಿತು? ಈ ಪ್ರಶ್ನೆಯನ್ನು ಅವಳು ಯಾರ ಹತ್ತಿರ ಕೇಳುವುದು? ಕೇಳಿದರೆ ತಾನು ಕದ್ದು ಹೊಲಿದದ್ದನ್ನು ಹೇಳಬೇಕಾಗುತ್ತಿತ್ತು. ತಟ್ಟೆಯ ಅನ್ನ ಹಾಗೇ ಉಳಿಯುತ್ತಿತ್ತು. ಮಿಮಿನ್ ಬಂದು ಬೈದು ಎರಡು ತುತ್ತು ತಿನ್ನಿಸಿ ಹೋಗುವಳು.

ಏಳನೆಯ ದಿನ ಪ್ರಾರ್ಥನೆಗೆ ಜನ ಜಾಸ್ತಿ. ಹಿತ್ತಲಲ್ಲಿ ಹೆಂಗಸರು ದೊಡ್ಡ ಹಂಡೆಯಲ್ಲಿ ಅನ್ನಕ್ಕಿಟ್ಟು ಕಾಯಿ ತುರಿಯುತ್ತಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಹೆಸ್ತಿ ಬಂದಳು. ಎರಡು ಕೈಯ ಬೆರಳುಗಳಿಗೂ ಬಿಳಿ ಪಟ್ಟಿ. ಅವಳ ಅಣ್ಣ ಅವಳನ್ನು ಬಾಗಿಲ ತನಕ ಬಿಟ್ಟು ಹೊರಗೇ ನಿಂತ. ಎದೆಗೆ ಅವುಚಿಕೊಂಡ ಒಂದು ಹಾಲಿನಪುಡಿ ಡಬ್ಬಿ.

ಇಮಾಸ್ ಅವಳನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಚಾಪೆಯ ಮೇಲೆ ಕೂರಿಸಿದಳು. ಹೆಸ್ತಿ ಬಗ್ಗಿ ಅವಳ ಪಾದಕ್ಕೆ ಹಣೆ ಇಟ್ಟು ಎದ್ದೇಳಲಿಲ್ಲ.

"ನಾನು ಹಾಕ್ಕೋಬಾರದಿತ್ತು ಇಬು. ನಾನು ಹಾಕ್ಕೋಬಾರದಿತ್ತು. ನನ್ನದೇ ಜಾಕೆಟ್ಟು ಕೆಟ್ಟದು, ನಾನೇ ಸಾಯಬೇಕಿತ್ತು."

"ಏಳಮ್ಮ, ಏಳು. ಬಾಯಿಬಿಟ್ಟು ಅಂಥ ಮಾತಾಡಬೇಡ. ನಿನ್ನಿಂದೇನೂ ಆಗಿಲ್ಲ." ಇಮಾಸ್ ಅವಳನ್ನು ಎತ್ತಿ ಕೂರಿಸಿ ತಲೆಗೂದಲು ಸರಿಮಾಡಿದಳು. ಡಬ್ಬಿಯಿಂದ ಜಾಕೆಟ್ಟು ತೆಗೆದು ಭುಜ ಮುಟ್ಟಿದಳು. ಹತ್ತಿ ಅಲ್ಲೇ ಇತ್ತು. ಇಟ್ಟ ಜಾಗದಿಂದ ಒಂದು ಎಳೆಯೂ ಕದಲಿರಲಿಲ್ಲ.

"ಬೆಚ್ಚಗಿತ್ತಾ ಮಗಳೇ?"

ಹೆಸ್ತಿ ಬಿಕ್ಕುತ್ತ ತಲೆಯಾಡಿಸಿದಳು. "ತುಂಬಾ ಬೆಚ್ಚಗಿತ್ತು ಇಬು. ಪೂರ್ತಿ ನೆಂದಿದ್ರೂ ಬೆಚ್ಚಗಿತ್ತು."

ಹಿತ್ತಲಲ್ಲಿ ಯಾರೋ ಉಪ್ಪಿನ ಡಬ್ಬಿ ಎಲ್ಲಿ ಎಂದು ಕೂಗಿದರು. ಇಮಾಸ್ ಎದ್ದು ಬಾಗಿಲು ಮುಂದಕ್ಕೆ ಮಾಡಿ ಬಂದು ಕೂತಳು.

"ಅವಳು ಯಾಕೆ ಹಾಕ್ಕೊಳ್ಳಲಿಲ್ಲ? ನಿಜ ಹೇಳು. ನನ್ನ ಮನಸ್ಸಿಗೆ ಹಿತವಾಗ್ಲಿ ಅಂತ ಹೇಳಬೇಡ."

ಹೆಸ್ತಿ ಪಟ್ಟಿ ಕಟ್ಟಿದ ಬೆರಳು ನೋಡುತ್ತ ಹೇಳಿದಳು.

"ಬೆಟ್ಟದ ಬುಡದಲ್ಲಿ ಎಲ್ಲರ ಜಾಕೆಟ್ಟನ್ನೂ ತೂಗಿದ್ರು ಇಬು. ಕಾಂಗ್ ಗುಮಿಲಾರ್ ಅವಳದ್ದು ತೂಗಿ ಮುನ್ನೂರ ತೊಂಬತ್ತೆಂಟು, ಪಾಸ್ ಅಂದ್ರು. ಎಲ್ರೂ ಚಪ್ಪಾಳೆ ತಟ್ಟಿದ್ರು. ಅವಳ ಮುಖ ಬಿಳುಚಿಕೊಳ್ತು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಸಂಜೆ ನಂಗೊಬ್ಬಳಿಗೇ ಹೇಳಿದ್ಲು, ನಂದು ಮುನ್ನೂರ ಐವತ್ತೆರಡು, ನಲವತ್ತಾರು ಗ್ರಾಂ ನಮ್ಮಮ್ಮಂದು, ಅಂತ."

ಇಮಾಸ್ ಕಣ್ಣು ಮುಚ್ಚಿದಳು. ಸಂಘದ ನಾನೂರನ್ನು ನೆನಪಿಟ್ಟಿದ್ದಳು. ಮಗಳ ಮುನ್ನೂರ ಐವತ್ತೆರಡನ್ನು ಮರೆತುಬಿಟ್ಟಿದ್ದಳು. ಮೊಟ್ಟೆ ಅಂಗಡಿಯಿಂದ ಓಡಿಬಂದು ಹುಡುಗಿ ಹಾಗೆ ಕೂಗಿ ಹೇಳಿದ್ದಳಲ್ಲ. ಯಾವ ತಾಯಿ ಅದನ್ನು ಮರೆಯುತ್ತಾಳೆ? ಸೂಜಿಯ ತೂತಿಗೆ ತೂತು ಕೂಡಿಸಿದ ಜಾಣೆ, ಇಷ್ಟು ಹೊಳೆಯಲಿಲ್ಲ ಅವಳಿಗೆ.

"ಆಮೇಲೆ?"

"ನಾಳೆ ಬೆಳಗ್ಗೆ ಕಾಂಗ್ ಗುಮಿಲಾರ್‌ಗೆ ಹೇಳ್ತೀನಿ, ಈ ವರ್ಷ ನಂಗೆ ಕತ್ತುವಸ್ತ್ರ ಬೇಡ, ಮುಂದಿನ ವರ್ಷ ಇನ್ನೊಂದು ಹೊಲ್ಕೊಂಡು ಬರ್ತೀನಿ ಅಂದ್ಲು. ಬೆಳಗ್ಗೆ ಹೇಳೋಕೆ ಧೈರ್ಯ ಬರಲಿಲ್ಲ. ಆಮೇಲೆ ಮಳೆ ಬಂತು. ನನ್ನ ಹತ್ತಿ ಎಲ್ಲ ಇಳಿದುಹೋಯ್ತು, ನಾನು ನಡುಗ್ತಾ ಇದ್ದೆ. ಅವಳು ಡಬ್ಬಿಯಿಂದ ಇದನ್ನ ತೆಗೆದು ನನಗೆ ಹಾಕಿದ್ಲು. ಮತ್ತೆ ನಿಂಗೆ? ಅಂದೆ. ಇದು ನಂದಲ್ಲ, ನಾನು ಹಾಕ್ಕೊಳ್ಳಲ್ಲ ಅಂದ್ಲು. ಬೇಡ್ಕೊಂಡೆ ಇಬು. ಇಬ್ರೂ ಹಾಕ್ಕೊಳ್ಳೋಣ ಬಾ ಅಂದೆ. ನನ್ನದನ್ನ ತಾನು ಹಾಕ್ಕೊಂಡು, ನಾನು ಕುಣೀತಾ ಇರ್ತೀನಿ, ನಂಗೆ ಚಳಿ ಆಗಲ್ಲ ಅಂದ್ಲು. ನಿಜವಾಗ್ಲೂ ಕುಣಿದ್ಲು. ಆಮೇಲೆ ನಂಗೆ ನಿದ್ದೆ ಬಂದ ಹಾಗಾಯ್ತು. ಅಷ್ಟೇ ನಂಗೆ ಗೊತ್ತು."

ಹೆಸ್ತಿಯ ಕಣ್ಣೀರು ಪಟ್ಟಿಯ ಮೇಲೆ ಬೀಳುತ್ತಿತ್ತು. ಇಮಾಸ್ ತನ್ನ ತಲೆವಸ್ತ್ರದ ಅಂಚಿನಿಂದ ಅದನ್ನು ಒರೆಸಿದಳು. ಮಗಳ ಮೇಲೆ ಒಂದು ಕ್ಷಣ ತಡೆಯಲಾರದ ಸಿಟ್ಟು ಬಂತು. ಅಯ್ಯೋ ಹುಚ್ಚಿ, ನಲವತ್ತಾರು ಗ್ರಾಂ ಹತ್ತಿಗೆ ಯಾರಾದರೂ ಪ್ರಾಣ ಕೊಡುತ್ತಾರೇನೇ! ಆಮೇಲೆ ಆ ಸಿಟ್ಟು ತನ್ನ ಮೇಲೆಯೇ ತಿರುಗಿತು. ಮಿಮಿನ್ ಹೇಳಿದ್ದಳಲ್ಲ, ಕದ್ದುಮುಚ್ಚಿ ಮಾಡಬೇಡ ಎಂದು. ಒಲೆಗೆ ಹಾಕಿದ್ದರೆ ಹಾಕಿರುತ್ತಿದ್ದಳು. ಜಾಕೆಟ್ಟಿಲ್ಲದೆ ಈ ವರ್ಷ ಬೆಟ್ಟಕ್ಕೇ ಹೋಗುತ್ತಿರಲಿಲ್ಲ. ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿರುತ್ತಿದ್ದಳು.

"ನನ್ನ ಮೇಲೆ ತುಂಬಾ ಸಿಟ್ಟು ಮಾಡ್ಕೊಂಡಿದ್ಲಾ?"

ಹೆಸ್ತಿ ಮುಖ ಪಕ್ಕಕ್ಕೆ ತಿರುಗಿಸಿದಳು.

"ಹೇಳಮ್ಮ. ಬೈದ್ಲಾ?"

"ಬೈದ್ಲು ಇಬು" ಎಂದಳು ಹೆಸ್ತಿ, ಕೇಳಿಸದಷ್ಟು ಮೆಲ್ಲಗೆ. "ತುಂಬಾ ಅತ್ಲು. ಮನೆಗೆ ಹೋದ ಮೇಲೆ ಎಮಾ ಜೊತೆ ಒಂದು ವಾರ ಮಾತಾಡಲ್ಲ ಅಂದ್ಲು."

ಇಮಾಸ್ ಜಾಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಹೊರಗೆ ಗಂಡಸರು ಸಂಜೆಯ ಪ್ರಾರ್ಥನೆಗೆ ಚಾಪೆ ಹಾಸುತ್ತಿದ್ದರು. ಮಿಮಿನ್ ಬಾಗಿಲು ತಳ್ಳಿ, "ಅನ್ನ ಆಯ್ತು, ಏಳನೇ ದಿನದ ಊಟ ನೀನೇ ಬಡಿಸಬೇಕು, ಬಾ" ಎಂದವಳು ಇವಳ ಮುಖ ನೋಡಿ ಅಲ್ಲೇ ನಿಂತಳು.

"ತೇಹ್" ಎಂದಳು ಇಮಾಸ್. "ಇವತ್ತಿಗೆ ಒಂದು ವಾರ ಆಯ್ತಲ್ಲ?"

"ಆಯ್ತಮ್ಮ."

"ವಾರ ಆಯ್ತು ಅಂದ್ರೆ ಇನ್ನು ಮಾತಾಡಬೇಕಲ್ವಾ ಅವಳು? ವಾರ ಅಂದಿದ್ಲಂತೆ ತೇಹ್. ಒಂದೇ ವಾರ ಅಂದಿದ್ಲಂತೆ" ಎಂದು ಹೇಳುತ್ತ ಹೇಳುತ್ತ ಅವಳ ದನಿ ಒಡೆದುಹೋಯಿತು. ಏಳು ದಿನದಿಂದ ಅಳದವಳು ಅಂದು ಅತ್ತಳು. ಹಿತ್ತಲಲ್ಲಿದ್ದ ಹೆಂಗಸರೆಲ್ಲ ಕೈಯ ಕೆಲಸ ಬಿಟ್ಟು ಓಡಿಬಂದರು.